ಪರೀಕ್ಷೆ ಮುಗಿದ ಮೇಲೆ ಓದಿದ ಡೇಟಾಬೇಸ್

ಅಡ್ವಾನ್ಸ್ಡ್ ಡೇಟಾಬೇಸ್ ಸಿಸ್ಟಮ್ಸ್ ಎನ್ನುವ ಪೇಪರನ್ನು ನಾನು ಎರಡು ಸಲ ಓದಿದೆ. ಒಮ್ಮೆ ಪರೀಕ್ಷೆಗೆ, ಇನ್ನೊಮ್ಮೆ ಪರೀಕ್ಷೆ ಮುಗಿದ ಮೇಲೆ. ಮೊದಲನೇ ಓದಿಗೆ ಒಳ್ಳೆ ಮಾರ್ಕ್ಸೇ ಬಂತು. ಹುಬ್ಬಳ್ಳಿಯ ವಿದ್ಯಾನಗರದ ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಕ್ವೆಶ್ಚನ್ ಬ್ಯಾಂಕ್, ಸೀನಿಯರ್‌ಗಳ ನೋಟ್ಸ್, ಹತ್ತು ಮಾರ್ಕ್ಸಿನ ಪ್ರಶ್ನೆಗೊಂದು ಚಿತ್ರ. ಇಷ್ಟೇ ಸಾಕಾಗಿತ್ತು. ಎರಡನೇ ಓದಿಗೆ ಮಾರ್ಕ್ಸ್ ಹಾಕುವವರು ಯಾರೂ ಇರಲಿಲ್ಲ. ಈಗ ಕೆಲಸಕ್ಕೆ ಬರುತ್ತಿರುವುದು ಮಾತ್ರ ಆ ಎರಡನೆಯದೇ.

ಸಿಲೆಬಸ್ ಹಾಳೆಯಲ್ಲಿ ಐದು ಮಾಡ್ಯೂಲ್ ಇದ್ದವು. ಆಬ್ಜೆಕ್ಟ್ ಡೇಟಾಬೇಸ್, ಡಿಸ್ಟ್ರಿಬ್ಯೂಟೆಡ್ ಡೇಟಾಬೇಸ್, ಎಕ್ಸ್‌ಎಂಎಲ್, ಡೇಟಾ ಮೈನಿಂಗ್, ಕೊನೆಗೆ ಕಾಲಕ್ಕೆ ತಕ್ಕಂತೆ ನೋಎಸ್‌ಕ್ಯುಎಲ್. ಎಲ್ಲದರ ಹೆಸರೂ ಗೊತ್ತಾಗುತ್ತದೆ, ಒಂದರ ಹೊಟ್ಟೆಯೊಳಗೂ ಇಳಿಯುವುದಿಲ್ಲ. ಪಾಠ ಮಾಡುವವರನ್ನು ಬೈದು ಪ್ರಯೋಜನವಿಲ್ಲ, ಅವರ ಕೈಯಲ್ಲಿರುವುದೂ ಅದೇ ಹಾಳೆ. ನನ್ನನ್ನು ಕೇಳಿದರೆ ಒಂದು ಸೆಮಿಸ್ಟರ್‌ಗೆ ಡೇಟಾಬೇಸಿನ ಒಳಗಿನ ಮೂರ್ನಾಲ್ಕು ಪ್ರಶ್ನೆ ಸಾಕು. ಕರೆಂಟ್ ಹೋದರೆ ಏನು ಉಳಿಯುತ್ತದೆ? ಇಬ್ಬರು ಒಟ್ಟಿಗೆ ಕೈ ಹಾಕಿದರೆ ಏನಾಗುತ್ತದೆ? ನಾವು ಕೇಳುವ ಒಂದು ಪ್ರಶ್ನೆಗೆ, ಅಂದರೆ ಕ್ವೆರಿಗೆ, ನೂರು ದಾರಿ ಇರುವಾಗ ಯಾವ ದಾರಿ ಹಿಡಿಯಬೇಕೆಂದು ಅದು ಹೇಗೆ ಗೊತ್ತುಮಾಡಿಕೊಳ್ಳುತ್ತದೆ? ಇಷ್ಟನ್ನು ಸರಿಯಾಗಿ ಅಗೆದರೆ ಉಳಿದದ್ದನ್ನು ಯಾವಾಗ ಬೇಕಾದರೂ ಓದಿಕೊಳ್ಳಬಹುದು.

ಎರಡನೇ ಓದು ಶುರುವಾದದ್ದು ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗೆಳೆಯನೊಬ್ಬನಿಗೂ ಇದೇ ಹುಚ್ಚು. ಭಾನುವಾರ ಚಿಗರಿ ಬಸ್ ಹತ್ತಿ ಅವನ ರೂಮಿಗೆ ಹೋಗುತ್ತಿದ್ದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಂಡಿ ಪಾವ್ಲೊ ಅವರ ಡೇಟಾಬೇಸ್ ಪಾಠಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇವೆ. ಅವರದು ಓಡುವ ಮಾತು. ವೇಗ ಕಡಿಮೆ ಮಾಡಿಕೊಂಡು ನೋಡುತ್ತಿದ್ದೆವು. ಅರ್ಥವಾಗದ ಕಡೆ ನಿಲ್ಲಿಸಿ, ಮೂಲ ಸಂಶೋಧನಾ ಪೇಪರ್ ತೆಗೆದು, ಮಿರ್ಚಿ ಭಜಿ ತಿನ್ನುತ್ತಾ ಜಗಳ ಆಡುತ್ತಿದ್ದೆವು.

ಬೇಕಾದ ಸಾಲು ಎಲ್ಲಿದೆ ಎಂದು ತೋರಿಸುವ ಇಂಡೆಕ್ಸ್ ವಿಷಯ ಬೇಗ ಮುಗಿಯಿತು, ಏಕೆಂದರೆ ಅದಕ್ಕೆ ಲೆಕ್ಕ ಮಾಡಿದರೆ ಸಾಕು. ಪುಕ್ಕಟೆ ಸಿಗುವ ಪೋಸ್ಟ್‌ಗ್ರೆಸ್ ಎನ್ನುವ ಡೇಟಾಬೇಸ್ ಡಿಸ್ಕನ್ನು 8 ಕೆಬಿ ಪುಟಗಳಾಗಿ ಓದುತ್ತದೆ. ಹುಡುಕಲು ಬಳಸುವ ಕೀ ಸಣ್ಣ ಸಂಖ್ಯೆಯೊಂದಾಗಿದ್ದರೆ, ಬಿ-ಟ್ರೀ ಎನ್ನುವ ಇಂಡೆಕ್ಸ್ ಮರದ ಒಂದು ಪುಟದಲ್ಲಿ ಕಡಿಮೆ ಎಂದರೂ 300 ಕೀ ಹಿಡಿಸುತ್ತವೆ. ಮೂರು ಹಂತದ ಮರವಾದರೆ 300ನ್ನು ಮೂರು ಸಲ ಗುಣಿಸಿ, 2.7 ಕೋಟಿ. ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದ ಪಹಣಿಗಳು ಸುಮಾರು 2 ಕೋಟಿ. ಆ ವ್ಯವಸ್ಥೆಯ ಒಳಗಿನ ವಿಚಾರ ಬೇರೆ, ನಾನು ಸುಮ್ನೆ ಲೆಕ್ಕಕ್ಕೆ ಆ ಸಂಖ್ಯೆ ತೆಗೆದುಕೊಂಡೆ. ಅಷ್ಟು ಪಹಣಿಯಲ್ಲಿ ಒಂದನ್ನು ಹುಡುಕಲು ಮರದ ಮೂರು ಪುಟ, ಆಮೇಲೆ ಪಹಣಿ ಇರುವ ಪುಟ ಒಂದು. ಒಟ್ಟು ನಾಲ್ಕು ಪುಟ ಓದಿದರೆ ಆಯಿತು. ಇಂಡೆಕ್ಸ್ ಇಲ್ಲದೆ ಹುಡುಕಿದರೆ ಲಕ್ಷಗಟ್ಟಲೆ ಪುಟ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಈ ಮರವನ್ನು ರೂಪಿಸಿದ್ದು ಬೋಯಿಂಗ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದಾಗ, 1970ರ ಆಸುಪಾಸಿನಲ್ಲಿ. ಐವತ್ತು ವರ್ಷ ಕಳೆದರೂ ಅದರ ಜಾಗಕ್ಕೆ ಬೇರೆ ಯಾವುದೂ ಪೂರ್ತಿ ಬಂದಿಲ್ಲ.

ನಾವು ಬಹಳ ದಿನ ಅಂಟಿಕೊಂಡದ್ದು ಲಾಗ್‌ಗೆ, ಅಂದರೆ ಡೇಟಾಬೇಸ್ ತನ್ನ ಬದಲಾವಣೆಗಳನ್ನು ಸಾಲಾಗಿ ಬರೆದುಕೊಳ್ಳುವ ಕಡತಕ್ಕೆ.

ನಿಯಮ ಕೇಳಲು ಸರಳ. ಡಿಸ್ಕಿನ ಮೇಲಿನ ಪುಟ ಬದಲಾಗುವ ಮೊದಲು, ಏನು ಬದಲಾಗಲಿದೆ ಎನ್ನುವುದು ಲಾಗ್‌ನಲ್ಲಿ ಬರೆದು ಡಿಸ್ಕಿಗೆ ಸೇರಿರಬೇಕು. ‘ಕಮಿಟ್ ಆಯಿತು’, ಅಂದರೆ ಕೆಲಸ ಕಾಯಂ ಆಯಿತು, ಎಂದು ಹೇಳುವ ಮೊದಲು ಆ ಟ್ರಾನ್ಸಾಕ್ಷನ್‌ನ (ಆದರೆ ಪೂರ್ತಿ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಎನ್ನುವ ಕೆಲಸದ) ಲಾಗ್ ಪೂರ್ತಿ ಡಿಸ್ಕಿನಲ್ಲಿರಬೇಕು. ಪುಟಗಳನ್ನು ಆಮೇಲೆ ಪುರುಸೊತ್ತಾದಾಗ ಬರೆದರೂ ನಡೆಯುತ್ತದೆ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ. ರಜೆಗೆ ಬ್ಯಾಡಗಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅವರು ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಪೂರ್ತಿ ಕೇಳಿ, “ಇದರಾಗ ಹೊಸಾದು ಏನೈತಿ? ಮೊದಲ ಕಿರ್ದಿ, ಆಮ್ಯಾಲ ಖತಾವಣಿ” ಅಂದರು.

ಸೀಸನ್ನಿನಲ್ಲಿ ಅಂಗಡಿಗೆ ಚೀಲ ಬಂದು ಬೀಳುತ್ತಿರುತ್ತವೆ. ರೈತನಿಗೆ ಕೊಟ್ಟ ಮುಂಗಡ, ಹಮಾಲಿ, ಬಾಡಿಗೆ, ಖರೀದಿದಾರನಿಂದ ಬಂದ ಹಣ, ಎಲ್ಲವೂ ನಡೆದ ಕ್ರಮದಲ್ಲೇ ಒಂದರ ಕೆಳಗೊಂದು ಕಿರ್ದಿಗೆ ಬೀಳುತ್ತದೆ. ಯಾರ ಖಾತೆಗೆ ಎಷ್ಟು ಎನ್ನುವುದನ್ನು ರಾತ್ರಿ ಅಂಗಡಿ ತಣ್ಣಗಾದ ಮೇಲೆ ಖತಾವಣಿಗೆ ಏರಿಸುತ್ತಾರೆ. ಪ್ರತಿ ವ್ಯವಹಾರಕ್ಕೂ ಖತಾವಣಿಯ ಪುಟ ಹುಡುಕುತ್ತಾ ಕೂತರೆ ಅಂಗಡಿಯ ಮುಂದೆ ಗಾಡಿ ಸಾಲುಗಟ್ಟುತ್ತವೆ. ಡಿಸ್ಕಿಗೂ ಇದೇ ತೊಂದರೆ. ಒಂದೇ ಕಡೆ ಸಾಲಾಗಿ ಬರೆಯುವುದು ಅಗ್ಗ, ಅಲ್ಲಿ ಇಲ್ಲಿ ಹಾರಿ ಬರೆಯುವುದು ದುಬಾರಿ. “ಕಿರ್ದಿ ಇದ್ರ ಖತಾವಣಿ ಮತ್ತ ಕಟ್ಟಬಹುದು. ಕಿರ್ದಿ ಹ್ವಾದ್ರ ಅಂಗಡಿನ ಹ್ವಾದಂಗ” ಎನ್ನುತ್ತಿದ್ದರು ಅಪ್ಪ.

ಇನ್ನೊಂದು ಮಾತು ಅವರೇ ಎತ್ತಿದರು. ಕಿರ್ದಿಯಲ್ಲಿ ತಪ್ಪು ಬಿದ್ದರೆ ಕಾಟು ಹೊಡೆಯುವಂತಿಲ್ಲ, ಕೆಳಗೆ ಉಲ್ಟಾ ನಮೂದು ಹಾಕಬೇಕು. ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸನ್ನು ಸರಿಪಡಿಸುವ, ಏರೀಸ್ ಎನ್ನುವ ರಿಕವರಿ ವಿಧಾನದ ಜೀವವೇ ಇದು. ಮದ್ರಾಸ್ ಐಐಟಿಯಲ್ಲಿ ಓದಿ ಐಬಿಎಂ ಸೇರಿದ ಸಿ. ಮೋಹನ್ ಮತ್ತು ಜೊತೆಗಾರರು 1992ರಲ್ಲಿ ಅದರ ಪೇಪರ್ ಪ್ರಕಟಿಸಿದರು. ಅದರಲ್ಲಿ ಒಂದು ಟ್ರಾನ್ಸಾಕ್ಷನನ್ನು ಹಿಂದಕ್ಕೆ ತೆಗೆಯುವಾಗ, ಹಿಂದಕ್ಕೆ ತೆಗೆದ ಪ್ರತಿ ಹೆಜ್ಜೆಯನ್ನೂ ಲಾಗ್‌ಗೆ ಬರೆಯುತ್ತಾರೆ. ರಿಕವರಿ ನಡೆಯುತ್ತಿರುವಾಗಲೇ ಮತ್ತೆ ಕರೆಂಟ್ ಹೋದರೂ, ಒಮ್ಮೆ ತೆಗೆದದ್ದನ್ನು ಎರಡನೇ ಸಲ ತೆಗೆಯುವ ಪ್ರಶ್ನೆ ಬರುವುದಿಲ್ಲ. ಒಂದು ಕಡೆ ಮಾತ್ರ ಅಂಗಡಿಗೂ ಡೇಟಾಬೇಸಿಗೂ ತಾಳೆ ಆಗುವುದಿಲ್ಲ. ಅಪ್ಪ ರಾತ್ರಿ ಬಾಗಿಲು ಹಾಕಿ ತಾಳೆ ನೋಡಬಹುದು. ಡೇಟಾಬೇಸ್ ಬಾಗಿಲು ಹಾಕುವಂತಿಲ್ಲ. ಅದು ವ್ಯವಹಾರ ನಡೆಸುತ್ತಲೇ ಚೆಕ್‌ಪಾಯಿಂಟ್, ಅಂದರೆ ಲೆಕ್ಕ ಎಲ್ಲಿಗೆ ಬಂದಿದೆ ಎನ್ನುವ ಗುರುತು, ಬರೆಯಬೇಕು.

ಏರೀಸ್‌ನಲ್ಲಿ ನಮ್ಮನ್ನು ಬಹಳ ಕಾಡಿದ್ದು ಬೇರೆ. ಅನಾಲಿಸಿಸ್, ರೀಡೂ, ಅನ್‌ಡೂ ಎಂದು ಮೂರು ಹಂತ. ಚಿತ್ರ ಬರೆದರೆ ಹತ್ತು ಮಾರ್ಕ್ಸ್. ಆದರೆ ರೀಡೂ ಹಂತದಲ್ಲಿ ಕಮಿಟ್ ಆಗದ ಕೆಲಸವನ್ನೂ ಅದು ಮತ್ತೆ ಮಾಡುತ್ತದೆ! ಹೇಗೂ ಅಳಿಸಬೇಕಾದದ್ದನ್ನು ಮತ್ತೆ ಯಾಕೆ ಮಾಡಬೇಕು? “ಇದ ಹುಚ್ಚರ ಕೆಲಸ ಐತಿ ನೋಡಲೇ” ಎಂದ ಗೆಳೆಯ. ನೋಟ್ಸಿನಲ್ಲಿ ಉತ್ತರ ಇರಲಿಲ್ಲ, ಪೇಪರಿನಲ್ಲಿ ಇತ್ತು. ಪ್ರತಿ ಪುಟದ ಮೇಲೂ ‘ಲಾಗ್‌ನ ಇಂಥ ನಮೂದಿನವರೆಗೆ ನನ್ನ ಮೇಲೆ ಏರಿದೆ’ ಎನ್ನುವ ಒಂದು ಸಂಖ್ಯೆ ಇರುತ್ತದೆ. ಒಂದೇ ಪುಟದಲ್ಲಿ ಉಳಿಯಬೇಕಾದವರ ಸಾಲೂ ಇದೆ, ಹೋಗಬೇಕಾದವರ ಸಾಲೂ ಇದೆ. ನಡುವಿನ ನಮೂದುಗಳನ್ನು ಬಿಟ್ಟು ಮುಂದಿನವನ್ನು ಏರಿಸಿದರೆ ಆ ಸಂಖ್ಯೆ ಸುಳ್ಳಾಗುತ್ತದೆ. ಅದಕ್ಕೇ ಮೊದಲು ಕರೆಂಟ್ ಹೋದ ಗಳಿಗೆಯ ಸ್ಥಿತಿಗೆ ಪೂರ್ತಿ ಬಂದು, ಅಲ್ಲಿಂದ ಬೇಡದ್ದನ್ನು ತೆಗೆಯಬೇಕು. ಪೋಸ್ಟ್‌ಗ್ರೆಸ್ ಈ ಅನ್‌ಡೂ ಹಂತವನ್ನೇ ಇಟ್ಟುಕೊಂಡಿಲ್ಲ. ಅದು ಸಾಲನ್ನು ತಿದ್ದುವಾಗ ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಪ್ರತಿ ಬರೆಯುತ್ತದೆ. ಕಮಿಟ್ ಆಗದವನ ಪ್ರತಿಯನ್ನು ಓದುವವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಮೇಲೆ ವ್ಯಾಕ್ಯೂಮ್ ಎನ್ನುವ ಅದರದೇ ಒಂದು ಕೆಲಸ ಬಂದು ಈ ಹಳೆಯ ಪ್ರತಿಗಳ ಕಸ ಗುಡಿಸುತ್ತದೆ. ಅನ್‌ಡೂ ಇಲ್ಲ ಎನ್ನುವ ಸುಖಕ್ಕೆ ಆ ಕಸದ ಕೆಲಸವೇ ಬೆಲೆ.

ಓದಿದ್ದು ಸಾಕು, ನೋಡೋಣ ಎಂದುಕೊಂಡೆವು. ಉಣಕಲ್ಲಿನಲ್ಲಿದ್ದ ನನ್ನ ರೂಮಿನಲ್ಲಿ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಯುಪಿಎಸ್ ಇರಲಿಲ್ಲ, ಈ ಪ್ರಯೋಗಕ್ಕೆ ಅದೇ ಅರ್ಹತೆ. ಅದರಲ್ಲಿ ಪೋಸ್ಟ್‌ಗ್ರೆಸ್ ಹಾಕಿದೆವು. ಬೇರೆ ಲ್ಯಾಪ್‌ಟಾಪ್‌ನಿಂದ ಒಂದು ಪ್ರೋಗ್ರಾಮ್ ಒಂದು, ಎರಡು, ಮೂರು ಎಂದು ಸಂಖ್ಯೆ ಕಳಿಸುತ್ತಾ ಹೋಗುತ್ತದೆ. ಪ್ರತಿ ಸಂಖ್ಯೆಗೂ ಒಂದು ಕಮಿಟ್. ಕಮಿಟ್ ಆಯಿತು ಎಂದು ಉತ್ತರ ಬಂದರೆ ಮಾತ್ರ ಲ್ಯಾಪ್‌ಟಾಪ್ ಅದನ್ನು ಪರದೆಗೆ ಬರೆಯುತ್ತದೆ. ಹೊರಗಿನ ಸಾಕ್ಷಿ ಇಲ್ಲದಿದ್ದರೆ ಇಂಥ ಪ್ರಯೋಗಕ್ಕೆ ಅರ್ಥವಿಲ್ಲ.

ಮೊದಲು ಗಮನಕ್ಕೆ ಬಂದದ್ದು ವೇಗ. ಸೆಕೆಂಡಿಗೆ ನೂರು ಕಮಿಟ್ ಮುಟ್ಟಲೂ ಅದು ಒದ್ದಾಡುತ್ತಿತ್ತು. ಕಂಪ್ಯೂಟರ್ ಹಳೆಯದು, ಅದಕ್ಕೇ ಎಂದು ಬಿಡಬಹುದಿತ್ತು. ಆದರೆ ಆ ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುವಂಥದ್ದು, ಅಂದರೆ ಸೆಕೆಂಡಿಗೆ 120. ಒಂದು ಕಮಿಟ್ ಡಿಸ್ಕಿಗೆ ಸೇರಲೇಬೇಕು, ಲಾಗ್‌ನ ತುದಿ ಸೂಜಿಯ ಕೆಳಗೆ ಮತ್ತೆ ಬರಲು ಒಂದು ಸುತ್ತು ಕಾಯಲೇಬೇಕು. ಆ 120 ಎನ್ನುವ ಗೋಡೆಯನ್ನು ಪ್ರೊಸೆಸರ್ ಬದಲಾಯಿಸಿ ದಾಟಲಾಗುವುದಿಲ್ಲ. ಒಟ್ಟಿಗೆ ಹಲವು ಪ್ರೋಗ್ರಾಮ್ ಓಡಿಸಿದಾಗ ಒಟ್ಟು ಕಮಿಟ್‌ಗಳ ಸಂಖ್ಯೆ ಏರಿತು, ಏಕೆಂದರೆ ಹಲವರ ಲಾಗ್ ಒಂದೇ ಸುತ್ತಿನಲ್ಲಿ ಡಿಸ್ಕಿಗೆ ಹೋಗುತ್ತದೆ. ಗ್ರೂಪ್ ಕಮಿಟ್ ಎಂದು ನೋಟ್ಸಿನಲ್ಲಿ ಎರಡೇ ಸಾಲು ಇದ್ದದ್ದು ಇದೇ.

ಆಮೇಲೆ ಪ್ಲಗ್ ಎಳೆದೆವು.

ಮತ್ತೆ ಚಾಲೂ ಮಾಡಿದಾಗ ಪೋಸ್ಟ್‌ಗ್ರೆಸ್ ‘ಸರಿಯಾಗಿ ಮುಚ್ಚಿರಲಿಲ್ಲ, ರಿಕವರಿ ನಡೆದಿದೆ’ ಎಂದು ಬರೆದುಕೊಂಡು, ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಲ್ಯಾಪ್‌ಟಾಪ್ ಕಂಡ ಸಂಖ್ಯೆಗಳೆಲ್ಲ ಇದ್ದವು. ಮತ್ತೆ ಮತ್ತೆ ಎಳೆದೆವು. ಒಮ್ಮೆ ಲ್ಯಾಪ್‌ಟಾಪ್ ಕಂಡದ್ದಕ್ಕಿಂತ ಒಂದು ಸಂಖ್ಯೆ ಜಾಸ್ತಿ ಇತ್ತು. ಇದೇ ನನಗೆ ಬಹಳ ಇಷ್ಟವಾದ ಫಲಿತಾಂಶ. ಕಮಿಟ್ ಡಿಸ್ಕಿಗೆ ಸೇರಿದೆ, ಆಯಿತು ಎನ್ನುವ ಉತ್ತರ ದಾರಿಯಲ್ಲಿ ಸತ್ತಿದೆ. ಕಳಿಸಿದವನಿಗೆ ಆಯಿತೋ ಇಲ್ಲವೋ ಗೊತ್ತಿಲ್ಲ. ದುರ್ಗದಬೈಲಿನಲ್ಲಿ ಗಿರ್ಮಿಟ್ ತಿಂದು ಯುಪಿಐ ಮಾಡಿದಾಗ ಪರದೆಯ ಮೇಲೆ ‘ಪೆಂಡಿಂಗ್’ ಎಂದು ನಿಲ್ಲುತ್ತದಲ್ಲ, ಅದರ ಹಿಂದೆಯೂ ಇಂಥದ್ದೇ ಅನಿಶ್ಚಿತತೆ ಇರುತ್ತದೆ. ಸುಮ್ನೆ ಇನ್ನೊಮ್ಮೆ ಕಳಿಸಿದರೆ ಎರಡು ಸಲ ಹೋಗಬಹುದು. ಅದಕ್ಕೇ ಪ್ರತಿ ವ್ಯವಹಾರಕ್ಕೂ ತನ್ನದೇ ಗುರುತಿನ ಸಂಖ್ಯೆ ಬೇಕು, ಅದೇ ಸಂಖ್ಯೆ ಮತ್ತೆ ಬಂದರೆ ‘ಇದು ಆಗಲೇ ಆಗಿದೆ’ ಎಂದು ಹೇಳುವ ವ್ಯವಸ್ಥೆ ಬೇಕು. ಅಂಗಡಿಯವನು ಮಾತ್ರ “ಬಂದಿಲ್ರೀ ಇನ್ನೂ” ಎಂದು ಮುಖ ನೋಡುತ್ತಿರುತ್ತಾನೆ.

ಬರೆದದ್ದು ನಿಜವಾಗಿ ಡಿಸ್ಕಿಗೆ ಸೇರುವವರೆಗೆ ಕಾಯಿಸುವ ಎಫ್‌ಸಿಂಕ್ ಎನ್ನುವ ಸೆಟ್ಟಿಂಗನ್ನು ಆಫ್ ಮಾಡಿಯೂ ನೋಡಿದೆವು. ವೇಗ ಸಿಕ್ಕಾಪಟ್ಟೆ ಏರಿತು. ಪ್ಲಗ್ ಎಳೆದ ಮೇಲೆ ಡೇಟಾಬೇಸ್ ಎದ್ದೇಳಲೇ ಇಲ್ಲ. ಹೀಗಾಗಬಹುದು ಎಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ, ಆದರೂ ಕಣ್ಣಾರೆ ನೋಡಬೇಕಿತ್ತು.

ಇಬ್ಬರು ಒಟ್ಟಿಗೆ ಕೈ ಹಾಕುವ ವಿಷಯಕ್ಕೆ ಬರೋಣ. ಬೆಳಿಗ್ಗೆ ಹತ್ತಕ್ಕೆ ಎಸಿ ತತ್ಕಾಲ್ ತೆರೆಯುತ್ತದೆ. ಬೆಂಗಳೂರಿಗೆ ಹೋಗುವ ರೈಲಿನ ಕೊನೆಯ ಬರ್ತ್ ಮೇಲೆ ಇಬ್ಬರು ಒಟ್ಟಿಗೆ ಬೆರಳಿಡುತ್ತಾರೆ. ಇದು ಎಲ್ಲರೂ ಕೊಡುವ ಉದಾಹರಣೆ, ನಿಜ ಹೇಳಬೇಕೆಂದರೆ ಸುಲಭದ್ದು. ಇಬ್ಬರಿಗೂ ಬೇಕಾದದ್ದು ಒಂದೇ ಸಾಲು. ಒಬ್ಬನು ಲಾಕ್ ಹಿಡಿದರೆ ಇನ್ನೊಬ್ಬನು ಕಾಯುತ್ತಾನೆ. ಒಂದು ಲಾಕ್ ಬಿಟ್ಟ ಮೇಲೆ ಹೊಸ ಲಾಕ್ ಹಿಡಿಯಬಾರದು ಎನ್ನುವ ಎರಡು ಹಂತದ ನಿಯಮವನ್ನು ಕೆ. ಪಿ. ಈಶ್ವರನ್, ಜಿಮ್ ಗ್ರೇ ಮತ್ತು ಇನ್ನಿಬ್ಬರು 1976ರ ಪೇಪರಿನಲ್ಲಿ ಇಟ್ಟರು. ಅದು ಇವತ್ತಿಗೂ ಪಾಠದ ಬುನಾದಿ.

ಕಷ್ಟ ಇರುವುದು ಇಬ್ಬರೂ ಬೇರೆ ಬೇರೆ ಸಾಲು ತಿದ್ದಿದಾಗ. ಅಮರಗೋಳದ ಎಪಿಎಂಸಿಯಲ್ಲಿ ಒಂದು ಗೋಡೌನ್ ಇದೆ ಎಂದುಕೊಳ್ಳಿ. ರಾತ್ರಿ ಪಾಳಿಗೆ ಇಬ್ಬರು ಕಾವಲುಗಾರರು. ಒಬ್ಬನಾದರೂ ಇರಲೇಬೇಕು. ರಜೆ ಹಾಕಲು ಆ್ಯಪ್ ಇದೆ. ಇಬ್ಬರೂ ಒಂದೇ ಹೊತ್ತಿಗೆ ರಜೆ ಕೇಳುತ್ತಾರೆ. ಪ್ರತಿಯೊಬ್ಬನ ಟ್ರಾನ್ಸಾಕ್ಷನ್ ತಾನು ಶುರುವಾದಾಗಿನ ಚಿತ್ರವನ್ನೇ ನೋಡುತ್ತದೆ. ಇಬ್ಬರೂ ಕೆಲಸದ ಮೇಲಿದ್ದಾರೆ, ಒಬ್ಬನು ಹೋದರೆ ಪರವಾಗಿಲ್ಲ. ಇಬ್ಬರೂ ತಮ್ಮ ತಮ್ಮ ಸಾಲನ್ನು ತಿದ್ದುತ್ತಾರೆ. ಎಲ್ಲೂ ಢಿಕ್ಕಿ ಇಲ್ಲ, ಎರಡೂ ಕಮಿಟ್. ಬೆಳಗಾಗುವವರೆಗೆ ಗೋಡೌನ್ ಖಾಲಿ. ಇದಕ್ಕೆ ರೈಟ್ ಸ್ಕ್ಯೂ ಎನ್ನುತ್ತಾರೆ. ಒಬ್ಬರೇ ಕೂತು ಟೆಸ್ಟ್ ಮಾಡಿದರೆ ಇದು ಯಾವತ್ತೂ ಸಿಗುವುದಿಲ್ಲ, ಅದೇ ಇದರ ಅಪಾಯ.

ಪೋಸ್ಟ್‌ಗ್ರೆಸ್‌ನಲ್ಲಿ ಸೀರಿಯಲೈಜಬಲ್, ಅಂದರೆ ಒಬ್ಬರಾದ ಮೇಲೊಬ್ಬರು ಬಂದಿದ್ದರೆ ಆಗುತ್ತಿದ್ದ ಫಲಿತಾಂಶವೇ ಬೇಕು, ಎಂದು ಕೇಳಿದರೂ 2011ರವರೆಗೆ ಸಿಗುತ್ತಿದ್ದದ್ದು ಹೀಗೆ ಶುರುವಾದಾಗಿನ ಚಿತ್ರವನ್ನೇ ನೋಡುವ ಸ್ನ್ಯಾಪ್‌ಶಾಟ್ ಐಸೊಲೇಷನ್ನೇ. ಮೈಕೆಲ್ ಕಾಹಿಲ್ ಮತ್ತು ಜೊತೆಗಾರರು 2008ರಲ್ಲಿ, ಯಾರನ್ನೂ ಕಾಯಿಸದೆ ಇಂಥ ಅಪಾಯದ ಗುರುತು ಹಿಡಿದು ಒಬ್ಬನನ್ನು ವಾಪಸ್ ಕಳಿಸುವ ದಾರಿ ತೋರಿಸಿದರು. ಅದು ಪೋಸ್ಟ್‌ಗ್ರೆಸ್‌ನ 9.1 ಆವೃತ್ತಿಯಲ್ಲಿ ಬಂತು. ಅದನ್ನು ಒಳಗೆ ತಂದವರಲ್ಲಿ ಒಬ್ಬರಾದ ಕೆವಿನ್ ಗ್ರಿಟ್ನರ್ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೋರ್ಟುಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದವರು. ತನ್ನ ಕಚೇರಿಗೆ ಬೇಕಾದದ್ದನ್ನು ಡೇಟಾಬೇಸಿಗೇ ಸೇರಿಸಿದ ಮನುಷ್ಯ. ಇದನ್ನು ಓದಿದಾಗ ಒಂದು ಥರ ಧೈರ್ಯ ಬಂತು. ಇದೆಲ್ಲ ದೊಡ್ಡ ದೊಡ್ಡ ಲ್ಯಾಬುಗಳಿಗೆ ಮಾತ್ರ ಮೀಸಲು ಅಲ್ವಲ್ಲ!

ಇನ್ನು ಆಪ್ಟಿಮೈಸರ್, ಅಂದರೆ ಕ್ವೆರಿಗೆ ದಾರಿ ಆರಿಸುವ ಭಾಗ. ಇಡೀ ವಿಷಯದಲ್ಲಿ ನನಗೆ ಹೆಚ್ಚು ಮಜಾ ಕೊಟ್ಟದ್ದು ಇದು, ಏಕೆಂದರೆ ಇಲ್ಲಿ ಡೇಟಾಬೇಸ್ ಅಂದಾಜು ಮಾಡುತ್ತದೆ, ನಮ್ಮ ಹಾಗೆ ಎಡವುತ್ತದೆ. ಐಬಿಎಂನ ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಗಾರರು 1979ರಲ್ಲಿ ಬರೆದ ಪೇಪರಿನ ದಾರಿಯಲ್ಲೇ ಇವತ್ತಿನ ಎಷ್ಟೋ ಡೇಟಾಬೇಸ್‌ಗಳು ನಡೆಯುತ್ತವೆ. ಟೇಬಲ್‌ನ ಅಂಕಿಅಂಶ ನೋಡು, ಎಷ್ಟು ಸಾಲು ಬರಬಹುದು ಎಂದು ಅಂದಾಜಿಸು, ಪ್ರತಿ ದಾರಿಗೂ ಖರ್ಚು ಹಾಕು, ಅಗ್ಗದ್ದನ್ನು ಹಿಡಿ.

ಅಂದಾಜು ಎಲ್ಲಿ ಕೆಡುತ್ತದೆ ಎಂದು ನೋಡಲು ನಮ್ಮದೇ ಊರನ್ನು ಹಾಕಿದೆ. ಒಂದು ಕೋಟಿ ಜನರ ಟೇಬಲ್, ಲೆಕ್ಕಕ್ಕೆ ಸುಲಭವಾಗಲಿ ಎಂದು 240 ತಾಲೂಕು, 30 ಜಿಲ್ಲೆ. ತಾಲೂಕು ಬ್ಯಾಡಗಿ, ಜಿಲ್ಲೆ ಹಾವೇರಿ ಇರುವವರನ್ನು ಕೊಡು ಎಂದು ಕೇಳುತ್ತೇವೆ. ನಮಗೆ ಗೊತ್ತು, ಬ್ಯಾಡಗಿ ಎಂದ ಮೇಲೆ ಹಾವೇರಿ ಎನ್ನುವುದರಿಂದ ಏನೂ ಕಡಿಮೆಯಾಗುವುದಿಲ್ಲ. ಸುಮಾರು 42 ಸಾವಿರ ಸಾಲು ಬರಬೇಕು. ಆಪ್ಟಿಮೈಸರ್‌ಗೆ ಅದು ಗೊತ್ತಿಲ್ಲ. ಎರಡೂ ಷರತ್ತು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದು, 240ರಲ್ಲಿ ಒಂದು ಗುಣಿಸು 30ರಲ್ಲಿ ಒಂದು ಎನ್ನುತ್ತದೆ. ಬರುವುದು 1,400ರ ಆಸುಪಾಸು. ಇಷ್ಟೇ ತಾನೇ ಎಂದು ಪ್ರತಿ ಸಾಲಿಗೂ ಇನ್ನೊಂದು ಟೇಬಲ್‌ಗೆ ಹೋಗಿ ಹುಡುಕುವ ನೆಸ್ಟೆಡ್ ಲೂಪ್ ದಾರಿ ಹಿಡಿಯುತ್ತದೆ. ಪ್ರತಿ ಹುಡುಕಾಟಕ್ಕೆ ಹಾರ್ಡ್ ಡಿಸ್ಕಿನ ಒಂದು ಓದು, 10 ಮಿಲಿಸೆಕೆಂಡ್ ಎಂದುಕೊಂಡರೆ, 14 ಸೆಕೆಂಡಿಗೆ ಮುಗಿಯುತ್ತದೆ ಎಂದುಕೊಂಡದ್ದು ಏಳು ನಿಮಿಷ ಹಿಡಿಯುತ್ತದೆ.

ಪೋಸ್ಟ್‌ಗ್ರೆಸ್ 10ರಿಂದ, ಅಂದರೆ 2017ರಿಂದ, ಈ ಎರಡು ಕಾಲಂ ಒಂದಕ್ಕೊಂದು ಅಂಟಿಕೊಂಡಿವೆ ಎಂದು ಹೇಳಿಕೊಡಬಹುದು. ಆಗ ಅದು ತಾಲೂಕಿನಿಂದ ಜಿಲ್ಲೆ ಎಷ್ಟರ ಮಟ್ಟಿಗೆ ಗೊತ್ತಾಗುತ್ತದೆ ಎನ್ನುವುದಕ್ಕೆ ಸೊನ್ನೆಯಿಂದ ಒಂದರ ನಡುವಿನ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ. ನಾವು ಡಿಗ್ರಿಯಲ್ಲಿ ನಾರ್ಮಲೈಸೇಷನ್ ಓದುವಾಗ ಫಂಕ್ಷನಲ್ ಡಿಪೆಂಡೆನ್ಸಿಗೆ, ಅಂದರೆ ಒಂದು ಕಾಲಂ ಗೊತ್ತಿದ್ದರೆ ಇನ್ನೊಂದೂ ಗೊತ್ತಾಗುವ ಸಂಬಂಧಕ್ಕೆ, ಇದೆ ಅಥವಾ ಇಲ್ಲ, ಎರಡೇ ಉತ್ತರ. ಇಲ್ಲಿ ಮುಕ್ಕಾಲು ಪಾಲು ಇದೆ ಎನ್ನಬಹುದಾ? ಎನ್ನಲೇಬೇಕು. ನಮ್ಮಪ್ಪನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಬ್ಯಾಡಗಿ ತಾಲೂಕು, ಧಾರವಾಡ ಜಿಲ್ಲೆ. ನನ್ನದರಲ್ಲಿ ಬ್ಯಾಡಗಿ ತಾಲೂಕು, ಹಾವೇರಿ ಜಿಲ್ಲೆ. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಗದಗ, ಹಾವೇರಿ ಮಾಡಿದರು. ಎರಡು ತಲೆಮಾರಿನ ದಾಖಲೆ ಒಂದೇ ಟೇಬಲ್‌ಗೆ ಬಿದ್ದರೆ ಪಠ್ಯದ ನಿಯಮ ಮುರಿಯುತ್ತದೆ. ಆದರೆ ಅಂದಾಜಿಗೆ ಅದು ಇನ್ನೂ ಉಪಯೋಗಕ್ಕೆ ಬರುತ್ತದೆ.

ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲೇ ಒಳ್ಳೆ ಕೆಲಸ ಆಗಿದೆ ಎಂದು ನಮಗೆ ಪಾಠದಲ್ಲಿ ಯಾರೂ ಹೇಳಿರಲಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಜಯಂತ್ ಹರಿತ್ಸ ಅವರ ತಂಡ ಪಿಕಾಸೊ ಎನ್ನುವ ಟೂಲ್ ಮಾಡಿತು. ಒಂದೇ ಕ್ವೆರಿಯ ಷರತ್ತುಗಳನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ, ಎಲ್ಲೆಲ್ಲಿ ಆಪ್ಟಿಮೈಸರ್ ಯಾವ ಪ್ಲಾನ್ ಹಿಡಿಯುತ್ತದೆ ಎನ್ನುವುದನ್ನು ಬಣ್ಣದಲ್ಲಿ ತೋರಿಸುತ್ತದೆ. ದೊಡ್ಡ ಡೇಟಾಬೇಸ್‌ಗಳ ಚಿತ್ರ ನೋಡಿದರೆ ಹತ್ತಾರು ಬಣ್ಣ, ಚೂರುಚೂರು. ಆಮೇಲೆ ಅವರೇ 2007ರಲ್ಲಿ ತೋರಿಸಿದರು, ಖರ್ಚು 20% ಜಾಸ್ತಿಯಾದರೂ ಆಗಲಿ ಎಂದು ಒಪ್ಪಿಕೊಂಡರೆ ಹತ್ತರ ಆಸುಪಾಸಿನ ಪ್ಲಾನ್‌ಗಳು ಸಾಕು. ಅಷ್ಟೆಲ್ಲ ಸೂಕ್ಷ್ಮ ಆಯ್ಕೆ ಬೇಕಾಗಿಯೇ ಇರಲಿಲ್ಲ.

ನೋಎಸ್‌ಕ್ಯುಎಲ್ ಮಾಡ್ಯೂಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಲವು ಕಂಪ್ಯೂಟರುಗಳಿಗೆ ಹರಡಿದ ಡೇಟಾಬೇಸಿನಲ್ಲಿ ಎಲ್ಲರಿಗೂ ಒಂದೇ ಉತ್ತರ, ಯಾವಾಗಲೂ ಉತ್ತರ, ನಡುವಿನ ನೆಟ್‌ವರ್ಕ್ ಕಡಿದರೂ ಕೆಲಸ, ಈ ಮೂರರ ಬಗ್ಗೆ ಇರುವುದು ಕ್ಯಾಪ್ ಥಿಯರಮ್. ಅದೆಂದರೆ ‘ಮೂರರಲ್ಲಿ ಎರಡು ಆರಿಸಿ’ ಎಂದು ನಾವೆಲ್ಲ ಬರೆದು ಮಾರ್ಕ್ಸ್ ತೆಗೆದುಕೊಂಡೆವು. ಆ ಮಾತನ್ನು ಮುಂದಿಟ್ಟ ಎರಿಕ್ ಬ್ರೂವರ್ ಅವರೇ 2012ರಲ್ಲಿ, ಹಾಗೆ ಹೇಳುವುದು ದಾರಿ ತಪ್ಪಿಸುತ್ತದೆ ಎಂದು ಬರೆದರು. ಅದೇ ವರ್ಷ ಗೂಗಲ್ ತನ್ನ ಸ್ಪ್ಯಾನರ್ ಪೇಪರ್ ಪ್ರಕಟಿಸಿತು. ದೇಶ ದೇಶಗಳ ನಡುವೆ ಹರಡಿದ ಡೇಟಾಬೇಸಿನಲ್ಲೂ, ಎಷ್ಟೋ ನೋಎಸ್‌ಕ್ಯುಎಲ್ ಡೇಟಾಬೇಸ್‌ಗಳು ಬಿಟ್ಟುಕೊಟ್ಟಿದ್ದ ಟ್ರಾನ್ಸಾಕ್ಷನ್ ವಾಪಸ್ ಬಂದಿತ್ತು. ನಮ್ಮ ಕ್ವೆಶ್ಚನ್ ಬ್ಯಾಂಕಿಗೆ ಈ ಸುದ್ದಿ ಮುಟ್ಟಿರಲಿಲ್ಲ.

ಈ ಪೇಪರ್ ಈಗ ಓದುತ್ತಿರುವವರು ಒಮ್ಮೊಮ್ಮೆ ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಎಡ್ಗರ್ ಕಾಡ್ ಅವರ 1970ರ ಪೇಪರಿನಿಂದ ಎಂದು ಹೆಚ್ಚಿನವರು ಹೇಳುತ್ತಾರೆ. ಹನ್ನೊಂದೇ ಪುಟ, ರಿಲೇಷನಲ್ ಡೇಟಾಬೇಸ್ ಹುಟ್ಟಿದ್ದೇ ಅಲ್ಲಿ. ಆದರೆ ಅದರಲ್ಲಿರುವುದು ಈಗ ನಮಗೆಲ್ಲ ಎಷ್ಟು ಅಭ್ಯಾಸವಾಗಿದೆ ಎಂದರೆ, ಅದರ ಬೆರಗು ಮೊದಲ ಓದಿಗೆ ಸಿಗುವುದಿಲ್ಲ. ಸೆಲಿಂಜರ್ ಅವರ ಪೇಪರ್ ತೆಗೆದುಕೊಳ್ಳಿ, ಹನ್ನೆರಡು ಪುಟ. ಪಕ್ಕದಲ್ಲಿ ಪೋಸ್ಟ್‌ಗ್ರೆಸ್ ತೆರೆದಿಟ್ಟುಕೊಂಡು, ಪ್ರತಿ ಕ್ವೆರಿಗೂ ಅದು ಹಿಡಿದ ದಾರಿಯನ್ನು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಆದೇಶ ಹಾಕಿ ಅಂದಾಜಿನ ಸಾಲು ಎಷ್ಟು, ನಿಜವಾಗಿ ಬಂದದ್ದೆಷ್ಟು ಎಂದು ಹೋಲಿಸಿ ನೋಡಿ. ನಿಮ್ಮ ತಾಲೂಕು, ನಿಮ್ಮ ಜಿಲ್ಲೆಯನ್ನೇ ಹಾಕಿ. ಲ್ಯಾಪ್‌ಟಾಪ್ ಹಳೆಯದಾದರೂ ನಡೆಯುತ್ತದೆ. ಏರೀಸ್ ಪೇಪರನ್ನು ಸೆಮಿಸ್ಟರ್ ರಜೆಗೆ ಇಟ್ಟುಕೊಳ್ಳಿ. ಅದನ್ನು ಪ್ರಿಂಟ್ ಹಾಕಿಸುವುದಾದರೆ ಎರಡೂ ಬದಿ ಹಾಕಿಸಿ, 69 ಪುಟ ಇದೆ.